ಶೆಡ್ಡಿನ ಬಲ್ಬು ಯಾರ ಮನೆಯದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕರೆಂಟು ಹೇಗೆ ಹರಿಯುತ್ತದೆ ಎಂದು ಕೇಳಿ, ಚಿತ್ರ ಬರೆದು ತೋರಿಸುತ್ತೇನೆ. ಯಾರ ಮನೆಯ ಕರೆಂಟು ಎಂದು ಮಾತ್ರ ಕೇಳಬೇಡಿ. ಹಾಸನದಲ್ಲಿ ನಾವಿರುವ ಬಾಡಿಗೆ ಕಟ್ಟಡದಲ್ಲಿ ಮೂರು ಮನೆ, ಮೂರು ಮೀಟರು, ಎಲ್ಲರ ಗಾಡಿಗೂ ಸೇರಿ ಒಂದೇ ಶೆಡ್ಡು. ಆ ಶೆಡ್ಡಿನಲ್ಲಿ ಒಂದು ಬಲ್ಬು, ಅದರ ಸ್ವಿಚ್ಚಿನ ಪಕ್ಕದಲ್ಲೇ ಒಂದು ಪ್ಲಗ್ಗು. ಇವೆರಡೂ ಯಾವ ಮೀಟರಿಗೆ ಸೇರಿದವು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬೇರೆ ಕಡೆಯಾಗಿದ್ದರೆ ಎಲ್ಲರೂ ‘ನಮ್ಮದಲ್ಲ’ ಎನ್ನುತ್ತಿದ್ದರೇನೋ. ನಮ್ಮಲ್ಲಿ ಎಲ್ಲ ಉಲ್ಟಾ. ಕೆಳಮನೆಯ ರಂಗೇಗೌಡರು ಅರಕಲಗೂಡಿನ ಕಡೆಯವರು, ಶುಂಠಿ ವ್ಯಾಪಾರ. ಅವರನ್ನು ಕೇಳಿದರೆ, “ನಮ್ದೇ ಇರ್ಬೇಕು ಬುಡಿ ಸಾ. ಒಂದು ಬಲ್ಬಿಗೆಲ್ಲ ಏನ್ ಲೆಕ್ಕ” ಎನ್ನುತ್ತಾರೆ. ನನ್ನ ಹೆಂಡತಿ ಹೊಳೆನರಸೀಪುರದವಳು. ಧಾರಾಳತನದಲ್ಲಿ ಗೌಡರಿಗೆ ಸೋಲುವವಳಲ್ಲ. “ನಮ್ಮ ಕರೆಂಟೇ ಕಣಮ್ಮಾ, ಹಾಕ್ಕೊ” ಎಂದು ಅವಳೂ ಹೇಳಿಬಿಡುತ್ತಾಳೆ.

ಇದರಿಂದ ಪೇಚಿಗೆ ಸಿಕ್ಕವಳು ಮಹಡಿಯ ಮನೆಯ ಸವಿತಾ. ದಂಡಿಗನಹಳ್ಳಿಯ ಹುಡುಗಿ, ಸಾಲಗಾಮೆಯಲ್ಲಿ ನರ್ಸು. ಕರೆಂಟಿನ ಸ್ಕೂಟರು ತೆಗೆದುಕೊಂಡಿದ್ದಳು. ಪ್ಲಗ್ಗು ಪಕ್ಕದಲ್ಲೇ ಇದ್ದರೂ ದಿನಾ ಬ್ಯಾಟರಿ ಬಿಚ್ಚಿ, ಕೂಸಿನ ಹಾಗೆ ಸೊಂಟಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಯಾಕಮ್ಮಾ ಎಂದರೆ, “ಒಬ್ರು ನಮ್ದು ಅಂದಿದ್ರೆ ಅವರ್ಗೆ ದುಡ್ಡು ಕೊಟ್ಟು ಹಾಕ್ಕತಿದ್ದೆ ಸಾ. ಇಬ್ರೂ ನಮ್ದು ಅಂದ್ರೆ ಯಾರ್ಗೆ ಕೊಡ್ಲಿ? ಬಿಟ್ಟಿ ಕರೆಂಟು ನಂಗ್ ಬ್ಯಾಡ” ಎಂದಳು. ಹೋದ ತಿಂಗಳು ಅವಳ ಸೊಂಟ ಹಿಡಿದುಕೊಂಡಿತು. ಸ್ಕೂಟರು ಮಾರಿ ಬಸ್ಸಿಗೇ ಹೋಗುತ್ತೇನೆ ಎಂದಾಗ ನನಗೆ ನಿಜವಾಗಿ ಬೇಜಾರಾಯಿತು.

ಓನರಿಗೆ ಫೋನ್ ಮಾಡಿದೆ. “ವೈರಿಂಗ್ ನಮ್ಮಪ್ಪ ಮಾಡ್ಸಿದ್ದು, ಅವರ್ನೇ ಕೇಳ್ಬೇಕು” ಎಂದರು. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಸರಿ, ಸಂಶೋಧನೆಯನ್ನು ನಾನೇ ತಲೆಗೆ ಹಚ್ಚಿಕೊಂಡೆ. ನೀರಾದರೆ ಕುಡಿದು ನೋಡಿ ಇಂಥ ಬಾವಿಯದು ಎನ್ನಬಹುದು. ಹೆಪ್ಪಿಗೆ ಈಸಿಕೊಂಡ ಮೊಸರಿನಲ್ಲೂ ಕೊಟ್ಟ ಮನೆಯ ಹುಳಿ ಇರುತ್ತದೆ. ಬೆಳಕಿಗೆ ಅಂಥ ಗುರುತೇ ಇಲ್ಲ. ಅದೂ ಅಲ್ಲದೆ ಈ ಬಲ್ಬಿಗೆ ಒಂದು ಚಾಳಿಯಿತ್ತು: ಹಬ್ಬ ಬಂದರೆ ರಜ ಹಾಕುತ್ತಿತ್ತು. ನಾನು ಸ್ಟೂಲು ಹತ್ತಿ ತಿರುಗಿಸುತ್ತಿದ್ದೆ. ಮಾರನೆಯ ದಿನವೋ ಅದರಾಚೆಯ ದಿನವೋ ಉರಿಯುತ್ತಿತ್ತು. ಅದು ನನ್ನ ಕೈಗುಣ ಎಂದು ಮನೆಯಲ್ಲಿ ಕೊಚ್ಚಿಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮೂರೂ ಮನೆಯವರು ಶೆಡ್ಡಿನಲ್ಲಿ ಸೇರಿದೆವು. ಬಲ್ಬು ಹಾಕಿಟ್ಟು, ಒಂದೊಂದೇ ಮನೆಯ ಮೇನ್ ಸ್ವಿಚ್ಚು ಆಫ್ ಮಾಡಿ ನೋಡುವುದು, ಮತ್ತೆ ಹಾಕುವುದು. ಮೊದಲು ಗೌಡರದು. ಬಲ್ಬು ಉರಿಯುತ್ತಲೇ ಇತ್ತು. ಗೌಡರ ಮುಖ ಸಪ್ಪಗಾಯಿತು. ಆಮೇಲೆ ನಮ್ಮದು. ಆಗಲೂ ಉರಿಯುತ್ತಲೇ ಇತ್ತು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು, ಕಾಫಿಗೆ ಇಡಬೇಕಂತೆ. ಕೊನೆಗೆ ಸವಿತಾಳದು ಆಫ್ ಮಾಡಿದೆವು. ಬಲ್ಬು ಆರಿತು.

ನನ್ನ ಕೈಗುಣದ ಗುಟ್ಟೂ ಆಗಲೇ ಬಯಲಾಯಿತು. ಹಬ್ಬಕ್ಕೆ ಊರಿಗೆ ಹೋಗುವಾಗಲೆಲ್ಲ ಅವಳು ಮೇನ್ ಆಫ್ ಮಾಡಿ ಹೋಗುತ್ತಿದ್ದಳು. ತನ್ನದೇ ಪ್ಲಗ್ಗು ಬಿಟ್ಟು ಇಷ್ಟು ಕಾಲ ಬ್ಯಾಟರಿ ಹೊತ್ತ ಹುಡುಗಿ, ಸೊಂಟದ ಮೇಲೆ ಕೈಯಿಟ್ಟು ಆರಿದ ಬಲ್ಬನ್ನೇ ನೋಡುತ್ತ ನಿಂತಳು. ಪಾಪ ಅನ್ನಿಸಿತು, ನಗುವೂ ಬಂತು, ನಗುವುದಕ್ಕೆ ಧೈರ್ಯವಾಗಲಿಲ್ಲ.

ಅಂದೇ ಸ್ಕೂಟರಿಗೆ ವೈರು ಬಂತು. ಆದರೆ ಮಾರನೆಯ ಸಂಜೆ ಶೆಡ್ಡಿನಲ್ಲಿ ಕತ್ತಲೆ. ಸ್ವಿಚ್ಚಿನ ತನಕ ಹೋದ ನಮ್ಮ ಕೈ ಸಂಕೋಚದಿಂದ ಹಿಂದೆ ಬರುತ್ತಿತ್ತು. ಇನ್ನೊಬ್ಬರ ಮನೆಯ ಕರೆಂಟಲ್ಲವೇ? ಗೌಡರೂ ನಾನೂ ನಮ್ಮ ನಮ್ಮ ಗಾಡಿಯ ಹತ್ತಿರ ಕೀ ತಡಕಾಡುತ್ತಿದ್ದಾಗ ಸವಿತಾ ಡ್ಯೂಟಿ ಮುಗಿಸಿ ಬಂದು ಸ್ವಿಚ್ಚು ಒತ್ತಿದಳು.

“ಯಾಕ್ ಸಾ ಇಂಗೆ ಕತ್ಲಲ್ಲಿ ನಿಂತಿದ್ದೀರ? ಇಷ್ಟ್ ದಿನ ನಮ್ದು ನಮ್ದು ಅಂತಿದ್ರಲ್ಲ, ಅಂಗೇ ಅನ್ಕೊಂಡು ಹಾಕ್ಕಳಿ.”