ಕಿವಿ ಮುಳುಗುವವರೆಗೆ

ಬೆಳಿಗ್ಗೆ ಹತ್ತು ನಲವತ್ತಕ್ಕೆ ತ್ರೀ ಫೇಸ್ ಕರೆಂಟ್ ಬಂತು. ಅತ್ತೆ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಅವರ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ನೆತ್ತಿಯ ಹಿಂದೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೂದಲಿಲ್ಲ; ಬಾಚಣಿಗೆ ಅಲ್ಲಿಗೆ ಬಂದಾಗ ಒಂದು ಕ್ಷಣ ನಿಂತು, ಬಳಸಿಕೊಂಡು ಹೋಗುತ್ತಿತ್ತು. ತೋಟದಲ್ಲಿ ಮೋಟರ್ ಶುರುವಾಯಿತು, ಗಾಳಿ ಎಳೆದುಕೊಂಡು ಕೆಮ್ಮಿತು, ನಿಂತಿತು. "ನೀರೊಳಗಿನ ಫುಟ್‌ವಾಲ್ವ್‌ಗೆ ಪಾಚಿ ಸಿಕ್ಕಿರಬೇಕು, ನೋಡ್ಬಿಟ್ ಬರ್ತೀನಿ" ಎಂದು ನನ್ನ ಗಂಡ ಕೃಷಿ ಹೊಂಡದ ಕಡೆ ಹೊರಟರು. ನಾನು ಫೋನಿನಲ್ಲಿ ಗಂಟೆ ನೋಡಿದೆ, ಹನ್ನೊಂದಕ್ಕೆ ನಮ್ಮ ತೋಟದ ಗುಲಾಬಿ ಒಯ್ಯುವ ಗಾಡಿ ಬರುವುದಿತ್ತು. ಆ ಹತ್ತು ನಲವತ್ತಕ್ಕೆ ಮನಸ್ಸಿನಲ್ಲೇ ಎಷ್ಟು ಸಲ ವಾಪಸ್ ಹೋಗಿ ಅವರನ್ನು ತಡೆದು ನಿಲ್ಲಿಸಿದ್ದೇನೋ ಲೆಕ್ಕವಿಲ್ಲ.

ಅತ್ತೆ ಒಂದು ಕಾಲದಲ್ಲಿ ಬ್ಯಾಕ್‌ಸ್ಟ್ರೋಕಿನಲ್ಲಿ ರಾಜ್ಯಕ್ಕೇ ಮೊದಲಿಗರು. ದೇಶದ ಮಟ್ಟದಲ್ಲೂ ಪದಕ ತಂದವರು. ಹೊಸಕೋಟೆ ತಾಲ್ಲೂಕಿನ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಗೋಡೆಯ ತುಂಬ ಪದಕ, ಫೋಟೊ ಇರುತ್ತವೆ ಅಂದುಕೊಂಡಿದ್ದೆ. ಒಂದೂ ಇರಲಿಲ್ಲ. ಪಂಪ್‌ಹೌಸಿನ ಬೀಗದ ಕೈಗೆ ಮಾಸಿದ ಮೂರು ಬಣ್ಣದ ಪಟ್ಟಿಯೊಂದು ಕಟ್ಟಿತ್ತು. ಅದು ಯಾವುದೋ ಪದಕದ್ದು ಎಂದು ತಿಳಿಯಲು ಆರು ತಿಂಗಳು ಹಿಡಿಯಿತು.

ಅವರ ತವರು ದೊಡ್ಡಬಳ್ಳಾಪುರದ ಕಡೆ, ಸಾಸಲಿನ ಹತ್ತಿರ. ಅವರಪ್ಪ ಈಜು ಕಲಿಸಲು ಮಗಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಬಿಟ್ಟಿದ್ದರಂತೆ. "ಬುರುಡೆ ಬೆನ್ನಿಗಿದ್ರೆ ಅಂಗಾತ ಮಲಗೋದೇ ಸುಲಭ ಕಣೇ. ಬಾವಿಯಿಂದ ನೋಡಿದ್ರೆ ಆಕಾಶ ಒಂದು ತಟ್ಟೆ. ಆ ತಟ್ಟೆ ಅಲ್ಲಾಡದ ಹಾಗೆ ಮಲಗೋದೇ ನನ್ನಾಟ" ಎನ್ನುತ್ತಿದ್ದರು. ಹೈಸ್ಕೂಲಿನ ಆಟದ ಮೇಷ್ಟ್ರು ಅದನ್ನು ನೋಡಿ ಬೆಂಗಳೂರಿನ ಈಜುಕೊಳಕ್ಕೆ ಸೇರಿಸಿದರು. ಅಲ್ಲಿಂದ ಹತ್ತು ಹನ್ನೆರಡು ವರ್ಷ ನೀರೇ ಮನೆ.

ನೆತ್ತಿಯ ಗುರುತು ಹೊರ ರಾಜ್ಯದ ಒಂದು ಪಂದ್ಯದ್ದು. ಬೆನ್ನ ಮೇಲೆ ಈಜುವವರಿಗೆ ಗೋಡೆ ಕಾಣುವುದಿಲ್ಲ; ಐದು ಮೀಟರ್ ಉಳಿದಿದೆ ಎಂದು ತಿಳಿಯಲು ಕೊಳದ ಮೇಲೆ ಅಡ್ಡಕ್ಕೆ ಬಾವುಟದ ದಾರ ಕಟ್ಟಿರುತ್ತಾರೆ. ಆವತ್ತು ಗಾಳಿಗೆ ದಾರ ಕಿತ್ತುಹೋಗಿತ್ತು. ಅತ್ತೆ ಪೂರಾ ವೇಗದಲ್ಲಿ ಹೋಗಿ ಗೋಡೆಗೆ ತಲೆ ಹೊಡೆದರು. ಗೆದ್ದರು, ಮೂರು ಹೊಲಿಗೆಯೂ ಬಿದ್ದವು. "ಬಾವುಟ ನಂಬಿದ್ದು ನನ್ನ ತಪ್ಪು, ಕೈ ಬೀಸಿದ್ದನ್ನ ಎಣಿಸಬೇಕಿತ್ತು" ಎಂದೇ ಈಗಲೂ ಹೇಳುತ್ತಾರೆ. ಅಂದಿನಿಂದ ಎಲ್ಲವನ್ನೂ ಎಣಿಸುತ್ತಾರೆ. ಮನೆಯಿಂದ ಹೊಂಡಕ್ಕೆ ನೂರಾ ಹದಿನಾಲ್ಕು ಹೆಜ್ಜೆ. ಇದನ್ನು ನಾನು ಎಣಿಸಿಲ್ಲ, ಅವರಿಂದ ಕಲಿತದ್ದು.

ಇಪ್ಪತ್ತೆಂಟಕ್ಕೆ ಭುಜ ಹೋಯಿತು, ಸ್ಪರ್ಧೆ ಮುಗಿಯಿತು. ಕ್ರೀಡಾ ಕೋಟಾದ ಸರ್ಕಾರಿ ಕೆಲಸ ಉಳಿಯಿತು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ನೂರಾರು ಮಕ್ಕಳಿಗೆ ಈಜು ಕಲಿಸಿದರು. ಆದರೆ ಸ್ವಂತ ಮಗನಿಗೆ ಕಲಿಸಲಾಗಲಿಲ್ಲ. ಮಗುವಾಗಿದ್ದಾಗ ನನ್ನ ಗಂಡನಿಗೆ ಕಿವಿ ಸೋರುತ್ತಿತ್ತು. ಒಂದು ಹನಿ ನೀರೂ ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿಯೇ ಮಗನಿಗೆ ಸ್ನಾನ ಮಾಡಿಸಿದವರು. ಮೂವತ್ತೈದಾದರೂ ನನ್ನ ಗಂಡ ತಲೆಗೆ ನೀರು ಹಾಕಿಕೊಳ್ಳುವಾಗ ಬೆರಳಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಅತ್ತೆ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದ ಮೇಲೆ ಮಾವ ತೀರಿಕೊಂಡರು. ತಾಯಿ ಮಗ ಸೇರಿ ಗುಲಾಬಿ ಹಾಕಿದರು, ಹೊಂಡ ತೋಡಿಸಿದರು. ಹೊಂಡಕ್ಕೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ದಿನ ಅತ್ತೆ ಅದರ ಇಳಿಜಾರನ್ನು ಅಂಗೈಯಲ್ಲಿ ಸವರಿ ನೋಡಿ, "ಇದು ಕೆರೆಯಲ್ಲ, ಬಾವಿಯೂ ಅಲ್ಲ. ಇಲ್ಲಿ ಈಜು ಬರೋನೂ ಮೇಲಕ್ಕೆ ಬರಲ್ಲ" ಎಂದಿದ್ದರು. ಅಂದೇ ದಪ್ಪನೆಯ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಕಲ್ಲುಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರು.

ಆ ಹಗ್ಗವನ್ನು ಬಿಚ್ಚಿದವಳು ನಾನು.

ಹಿತ್ತಲಿನ ತಂತಿ ಎತ್ತರದಲ್ಲಿತ್ತು. ಅತ್ತೆ ಎಡಗೈಯಿಂದ ಒದ್ದೆ ಸೀರೆ ಎಸೆದು, ಅದು ಜಾರಿ ಬಿದ್ದು, ಮತ್ತೆ ಎಸೆಯುವುದನ್ನು ನೋಡಲಾಗದೆ, ಅವರ ಎದೆಮಟ್ಟಕ್ಕೆ ಇನ್ನೊಂದು ಹಗ್ಗ ಕಟ್ಟೋಣ ಅಂದುಕೊಂಡೆ. ಹೊಂಡದ ಹಗ್ಗ ಸುಮ್ಮನೆ ನೆನೆಯುತ್ತಿತ್ತು. ಹೊಸದು ತಂದಾಗ ಅಲ್ಲಿ ಕಟ್ಟಿದರಾಯಿತು ಎಂದು ತಂದುಬಿಟ್ಟೆ. ಎರಡು ವಾರ ಕಳೆಯಿತು.

ಆವತ್ತು ಮೊದಲು ಕೇಳಿಸಿದ್ದು ಕೂಗಲ್ಲ, ಬಟ್ಟೆ ಒಗೆಯುವಂಥ ಬಡಿತ. ಅತ್ತೆ ಬಾಚಣಿಗೆ ಬಿಸಾಡಿ ಓಡಿದರು, ಹಿಂದೆಯೇ ನಾನು. ಕಾರ್ತಿಕದ ಮಳೆಗೆ ಹೊಂಡ ತುಂಬಿತ್ತು. ನನ್ನ ಗಂಡ ಅಂಚಿನ ಶೀಟನ್ನು ಉಗುರಿನಿಂದ ಪರಚುತ್ತಿದ್ದರು. ಒಂದು ಗೇಣು ಮೇಲೆ ಬರುವುದು, ಪಾಚಿಯಲ್ಲಿ ಜಾರಿ ಎರಡು ಗೇಣು ಕೆಳಗೆ ಹೋಗುವುದು. ಬಾಯಿ ತೆರೆದಾಗಲೆಲ್ಲ ಅದರೊಳಗೆ ನೀರು.

ಅತ್ತೆ ಕಲ್ಲುಕಂಬ ನೋಡಿದರು. ಬರಿದಾಗಿತ್ತು.

"ಹಿತ್ತಲಲ್ಲಿದೆ ಅತ್ತೆ, ಹಗ್ಗ..." ಎನ್ನುತ್ತಲೇ ನಾನು ಇಳಿಜಾರಿಗೆ ಕಾಲಿಟ್ಟೆ. ಬಿ.ಎಸ್ಸಿ. ಓದಿದವಳು, ತೇಲುವ ನಿಯಮವನ್ನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದವಳು. ಅತ್ತೆ ಎಡಗೈಯಿಂದ ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. "ಇಳಿದ್ರೆ ಕಾಲು ಮುರೀತೀನಿ! ಓಡು. ಒಂದು ಖಾಲಿ ಕ್ಯಾನೂ ತಗೊಂಡ್ ಬಾ."

ಓಡಿದೆ. ಅವರ ದನಿ ಬೆನ್ನಟ್ಟಿ ಬರುತ್ತಿತ್ತು. "ಲೋ ಮಗಾ, ಶೀಟ್ ಬಿಡು! ಹತ್ತಬೇಡ! ಬಿಡೋ ಅಂದ್ರೆ!" ಹಗ್ಗದ ಮೇಲೆ ಅತ್ತೆಯ ಸೀರೆಯೂ ನನ್ನ ಚೂಡಿದಾರವೂ ಒಣಗುತ್ತಿದ್ದವು. ಬಟ್ಟೆ ಸಮೇತ ಕಿತ್ತು ಎಳೆದುಕೊಂಡು, ಖಾಲಿ ಕ್ಯಾನೊಂದನ್ನು ಹಿಡಿದು ಬಂದೆ.

ಬಂದಾಗ ಪಕ್ಕದ ತೋಟದ ಅಣ್ಣ ಅಲ್ಲಿದ್ದರು. ಅಂಗಿ ಕಳಚುತ್ತಾ ಕಿರುಚುತ್ತಿದ್ದರು. "ಏನಕ್ಕಾ ನೋಡ್ತಾ ನಿಂತಿದೀಯ? ಇಂಡಿಯಾಗೆಲ್ಲ ಈಜ್ದೋಳು ನೀನು! ಹೆತ್ತ ಮಗ ಕಣಕ್ಕಾ!"

"ನೀನಿಳಿದ್ರೆ ಇಬ್ರ ಹೆಣ ಎಳೀಬೇಕು. ಹಗ್ಗದ ತುದಿ ಕಂಬಕ್ಕೆ ಕಟ್ಟು" ಎಂದ ಅತ್ತೆ ಅವರ ಕಡೆ ತಿರುಗಲೂ ಇಲ್ಲ. ಕಣ್ಣು ಮಗನ ಮೇಲೆ. ಆ ಕ್ಷಣ ಅತ್ತೆಯ ಮೇಲೆ ನನಗೆ ದ್ವೇಷ ಬಂತು.

ಅಷ್ಟರಲ್ಲಿ ನನ್ನ ಗಂಡ ಶೀಟ್ ಬಿಟ್ಟಿದ್ದರು. ತಲೆಯನ್ನು ಮಾತ್ರ ಕೊಕ್ಕರೆಯ ಹಾಗೆ ಮೇಲಕ್ಕೆ ಎತ್ತಿದ್ದರು. ತಲೆ ಎತ್ತಿದಷ್ಟೂ ಕಾಲು ಮುಳುಗುತ್ತಿತ್ತು.

"ತಲೆ ಹಿಂದಕ್ಕೆ ಹಾಕು. ಕಿವಿ ಮುಳುಗಲಿ."

"ಅಮ್ಮಾ... ಕಿವಿ..."

"ಮುಳುಗಲಿ ಕಣೋ! ನಾನೇ ಹೇಳ್ತಿದೀನಲ್ಲ, ಮುಳುಗಲಿ. ಆಕಾಶ ನೋಡು, ಹೊಟ್ಟೆ ಮೇಲಕ್ಕೆತ್ತು. ನನ್ನ ಮಾತು ಕೇಳಿಸ್ತಿದೆ ಅಂದ್ರೆ ನೀನು ತಪ್ಪು ಮಾಡ್ತಿದೀಯ. ಕೇಳಿಸದೆ ಹೋದಾಗ ಸರಿ. ಆಗ ಸುಮ್ನೆ ಮಲಗು, ಹಗ್ಗ ಬರುತ್ತೆ."

ನನ್ನ ಗಂಡನ ಮುಖ ನಿಧಾನವಾಗಿ ಹಿಂದಕ್ಕೆ ವಾಲಿತು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಎದೆ ಮೇಲಕ್ಕೆ ಬಂತು, ಮೊಣಕಾಲು ಬಂತು. ಬಡಿತ ನಿಂತು ಹೊಂಡ ಸ್ತಬ್ಧವಾಯಿತು. ಅತ್ತೆಯೂ ಮಾತು ನಿಲ್ಲಿಸಿದರು. ಇನ್ನು ಏನು ಕೂಗಿದರೂ ಮಗನಿಗೆ ಮುಟ್ಟುವುದಿಲ್ಲ. ಅವರ ತುಟಿ ಮಾತ್ರ ಎಣಿಸುತ್ತಿತ್ತು.

"ನೀನೇ ಎಸಿ" ಎಂದರು ನನಗೆ. ಅವರ ಬಲಗೈ ಏಳುವುದಿಲ್ಲ, ಎಡಗೈಗೆ ಗುರಿಯಿಲ್ಲ. ಕ್ಯಾನ್ ಕಟ್ಟಿದ ಹಗ್ಗವನ್ನು ನಾನು ಎಸೆದೆ. ಅರ್ಧ ದಾರಿಗೆ ಬಿತ್ತು. ಎರಡನೆಯ ಸಲ ಗಾಳಿ ಪಕ್ಕಕ್ಕೆ ಒಯ್ದಿತು. "ಅವಸರ ಇಲ್ಲ, ಅವನು ಮಲಗಿದಾನೆ" ಎಂದರು ಅತ್ತೆ, ಹೂ ಕೀಳಲು ಹೇಳುವ ದನಿಯಲ್ಲಿ. ಮೂರನೆಯ ಸಲ ಹಗ್ಗ ನನ್ನ ಗಂಡನ ಎದೆಯ ಮೇಲೆ ಬಿತ್ತು, ಹಿಡಿದುಕೊಂಡರು. ಪಕ್ಕದ ತೋಟದ ಅಣ್ಣ ಮತ್ತು ನಾನು ಎಳೆದೆವು. ಮೇಲೆ ಬಂದ ಮಗನ ಕಿವಿಯನ್ನು ಅತ್ತೆ ಸೆರಗಿನ ತುದಿಯಿಂದ ಒರೆಸಿದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಏಳಿಸಲು ಇಬ್ಬರು ಬೇಕಾಯಿತು.

ಊರಿನ ಮಾತು ಮಾರನೆಯ ದಿನವೇ ಶುರುವಾಯಿತು. ಹಾಲಿನ ಡೈರಿಯಲ್ಲಿ ಯಾರೋ, "ಮೆಡಲ್ ತಗೊಳೋಕೆ ಹಾರ್ತಾರೆ, ಮಗನಿಗೆ ಹಾರಲ್ಲ" ಎಂದದ್ದು ನನ್ನ ಕಿವಿಗೇ ಬಿತ್ತು. ಮನೆಗೆ ಬಂದು, "ಭುಜದ ವಿಷಯ ಹೇಳಿಬಿಡಿ ಅತ್ತೆ, ಬಾಯಿ ಮುಚ್ಕೋತಾರೆ" ಎಂದೆ.

"ಭುಜ ಚೆನ್ನಾಗಿದ್ರೂ ಹಾರ್ತಿರಲಿಲ್ಲ ಕಣೇ. ಭುಜ ಅಂತ ಹೇಳಿದ್ರೆ ನಾಳೆ ಭುಜ ಚೆನ್ನಾಗಿರೋನು ಇನ್ನೊಂದು ಹೊಂಡಕ್ಕೆ ಹಾರ್ತಾನೆ. ನನ್ನ ಬೈಕೊಳ್ಳಲಿ ಬಿಡು."

ಮುಳುಗಿದವರು ನಾಲ್ಕನೆಯ ದಿನಕ್ಕೆ ಗೊರಕೆ ಹೊಡೆಯತೊಡಗಿದರು. ದಡದಲ್ಲಿದ್ದ ನನಗೆ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಬರಿದಾದ ಕಲ್ಲುಕಂಬ, ಕಿವಿಯಲ್ಲಿ ನೀರಿನ ಆ ಪಟಪಟ ಬಡಿತ. ಒಂದು ಮಧ್ಯಾಹ್ನ ಗುಲಾಬಿ ಕಟ್ಟು ಕಟ್ಟುತ್ತಾ ಅತ್ತೆಗೆ ಹೇಳಿಯೇಬಿಟ್ಟೆ: ಹಗ್ಗ ಬಿಚ್ಚಿದ್ದು ನಾನು, ಏನಾದರೂ ಆಗಿದ್ದರೆ ಕೊಂದವಳು ನಾನೇ.

ಅವರು ಮುಳ್ಳು ಸವರುತ್ತಲೇ ಇದ್ದರು. "ಎರಡು ವಾರ ನನ್ನ ಸೀರೆಗಳೂ ಅದರ ಮೇಲೇ ಒಣಗಿದ್ವು. ಗಂಟು ಹಾಕಿದ್ದು ನಾನು. ಪ್ರತಿ ಗಂಟೂ ಕೈಗೆ ಸಿಕ್ತಿತ್ತು, ಎಲ್ಲಿಯ ಹಗ್ಗ ಅಂತ ಕೇಳಲಿಲ್ಲ. ಕೈ ನೋಯದೆ ಬಟ್ಟೆ ಹಾಕೋದು ಹಿತವಾಗಿತ್ತು. ನೀನು ಬಿಚ್ಚಿದೆ, ನಾನು ಸುಮ್ಮನಿದ್ದೆ. ಅರ್ಧ ನಂದು."

ಅರ್ಧ ಇಳಿದರೂ ನಿದ್ದೆ ಬರಲಿಲ್ಲ. ಈಗ ಹೊಂಡಕ್ಕೆ ಎರಡು ಹಗ್ಗ, ಒಂದು ಏಣಿ, ಸಾಲಾಗಿ ಹಳೆಯ ಟೈರುಗಳಿವೆ. ಶಿವರಾತ್ರಿ ಕಳೆದು ನೀರು ಎದೆಮಟ್ಟಕ್ಕೆ ಇಳಿದಾಗ ಅತ್ತೆ, "ಬಾ, ಇಳಿ" ಎಂದರು. ನೈಟಿ ತೊಟ್ಟು ತಾವೇ ಮೊದಲು ಏಣಿ ಇಳಿದರು. ಅವರನ್ನು ನೀರಿನಲ್ಲಿ ನಾನು ನೋಡಿದ್ದು ಅದೇ ಮೊದಲು. ನೆಲದ ಮೇಲೆ ಕುಗ್ಗಿ ನಡೆಯುವ ಹೆಂಗಸು ಅಲ್ಲಿ ಯಾರೋ ಹಾಸಿಗೆ ಹಾಸಿಕೊಟ್ಟ ಹಾಗೆ ಮಲಗಿದರು. ಆಮೇಲೆ ಎದ್ದು ನಿಂತು, ನನ್ನ ತಲೆಯಡಿ ಎಡ ಅಂಗೈ ಇಟ್ಟರು. ಕಿವಿ ಮುಳುಗುವವರೆಗೂ ಮಾತಾಡುತ್ತಲೇ ಇದ್ದರು. ಆಮೇಲೆ ಅವರ ತುಟಿ ಮಾತ್ರ ಕಾಣುತ್ತಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಆ ಪಟಪಟ ಬಡಿತ ನನ್ನೊಳಗೆ ನಿಂತಿತು. ಕೇಳಿಸಿದ್ದು ನನ್ನ ಉಸಿರು. ಅಂಗೈ ಯಾವಾಗ ತೆಗೆದರೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಕಾಲಿನ ಮೇಲಿತ್ತು. ಅಡಿಗೆಮನೆಗೆ ಓಡಿದೆ. ಅತ್ತೆ ಕಾಫಿ ಸೋಸುತ್ತಿದ್ದರು.

"ನಾಲ್ಕು ಸಲ ಕೂಗಿದೆ" ಎಂದರು. "ಕೇಳಿಸಲಿಲ್ವಾ?"

"ಇಲ್ಲ ಅತ್ತೆ."

"ಸರಿ ಹಾಗಾದ್ರೆ" ಎಂದು ಲೋಟ ನನ್ನ ಕಡೆ ಸರಿಸಿದರು.