ಹೊತ್ತು ಮುಳುಗಿದ ಮೇಲಿನ ಬೆಳಕು

ಬೆಳಗಾವಿ ಬಳಿಯ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಬಸ್ ನಿಲ್ದಾಣಗಳಿಗೆ ಬೆಳಕಿನ ಬೋರ್ಡ್ ತಯಾರಿಸುವ ಅನುಜಾ ದಿನವೂ ಸಂಜೆ ಬೇಗ ಹೊರಡುತ್ತಾಳೆ. ಅವಳದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು.

ಅವಳು ಮೊದಲ ಬಾರಿ ತಾನೇ ರೂಪಿಸಿದ ಸರ್ಕ್ಯೂಟ್ ಖಾನಾಪುರ ನಿಲ್ದಾಣದ ಬೋರ್ಡಿನಲ್ಲಿತ್ತು. ಹಲವು ತಂತಿಗಳ ಬದಲು ಒಂದೇ ತಂತಿ. ಅದರಲ್ಲಿನ ವೋಲ್ಟೇಜಿನ ಮಟ್ಟ ನೋಡಿ ದೀಪಗಳು ಆರಬೇಕೋ, ಮಂದವಾಗಿ, ಸಾಧಾರಣವಾಗಿ ಇಲ್ಲವೇ ಪ್ರಖರವಾಗಿ ಉರಿಯಬೇಕೋ ತಿಳಿಯುತ್ತಿತ್ತು. ಹಗಲಿನಲ್ಲಿ ಮಂದ ಬೆಳಕು ಹೇಗೂ ಆರಿದಂತೆಯೇ ಕಾಣುತ್ತದೆಂದು, ಅದನ್ನು ಗುರುತಿಸುವ ಭಾಗವನ್ನು ಅವಳು ತೆಗೆದುಬಿಟ್ಟಳು. ಸರ್ಕ್ಯೂಟ್ ಇನ್ನಷ್ಟು ಸರಳವಾಯಿತು.

ಬೋರ್ಡ್ ಏರಿಸಿದ ಮರುದಿನ ಮಾಲೀಕ ಉಳವಪ್ಪ ಅವಳ ಮೇಜಿನ ಬಳಿ ಬಂದರು.

"ಹೊತ್ತು ಮುಳುಗಿದ ಕೂಡಲೇ ನಿನ್ನ ಬೋರ್ಡ್ ಕಣ್ಣ ಮುಚ್ಚೇತವಾ. ಮಂದಿ ಕಣ್ಣಿಗೆ ಚುಚ್ಚಬಾರದಂತ ಸಂಜಿಗೆ ಎಲ್ಲಾ ಅಕ್ಷರ ಮಂದ ಬೆಳಕಿಗೆ ಇಳೀತಾವು. ನೋಡೇ ಇಲ್ಲೇನು?"

"ಕತ್ತಲದಾಗ ನಾ ಬೋರ್ಡ್ ನೋಡೇ ಇಲ್ರೀ ಕಾಕಾ."

"ಬಿಸಿಲಾಗ ಉಣ್ಣಾಕಿ, ಎಲ್ಲಿಂದ ನೋಡ್ತಿ? ಹಳೇ ತಂತಿನಽ ಹಾಕೂಣು ಬಿಡು."

"ಒಂದ ಸಂಜಿ ಕೊಡ್ರಿ."

ತೆಗೆದ ಭಾಗವನ್ನು ಅವಳು ಖಾನಾಪುರಕ್ಕೆ ಹೋಗಿ ಮತ್ತೆ ಸೇರಿಸಿದಳು. ನಿಲ್ದಾಣದ ಬೆಂಚಿನ ಮೇಲೆ, ಬಿಸಿಲಿರುವಾಗಲೇ, ಡಬ್ಬಿಯ ಚಪಾತಿ ತಿಂದು ಮುಗಿಸಿದಳು. ಆಮೇಲೆ ಕಾದಳು. ಕಾಡಿನ ಕಡೆಯಿಂದ ಮೆಲ್ಲಗೆ ಕತ್ತಲು ಬಂತು. ಪ್ರಖರ ಅಕ್ಷರಗಳು ಒಮ್ಮೆಲೇ ತಗ್ಗಿದವು, ಆದರೆ ಆರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಕನ್ನಡಕವಿಲ್ಲದೆಯೇ ಓದಿದಳು: "ಬೆಳಗಾವಿ ಗಾಡಿ ಏಳಕ್ಕಂತ."

ಅನುಜಾ ಉಳವಪ್ಪನವರಿಗೆ ಫೋನು ಹಚ್ಚಿದಳು. "ಕಾಕಾ, ಒಂದ ತಂತಿ ಸಾಕ್ರೀ."