ಮಲ್ಲಣ್ಣ ಮಾಮಾನ ಎರಡನೇ ಪವರ್ ಸಪ್ಲೈ

ಮಲ್ಲಣ್ಣ ಮಾಮಾ ಎಡಗೈಯ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿದ್ದರು. ಕಿವಿ ಕೆರೆದುಕೊಳ್ಳುವುದು ಅದರಿಂದಲೇ, ಕಂಪ್ಯೂಟರಿನ ಫ್ಯಾನಿಗೆ ಮೆತ್ತಿದ ಧೂಳು ಎಬ್ಬಿಸುವುದು ಅದರಿಂದಲೇ, ನಾನು ಹೋದಾಗ ಪೇಢಾ ಎರಡು ಹೋಳು ಮಾಡಿ ಒಂದನ್ನು ನನಗೆ ಕೊಡುವುದೂ ಅದರಿಂದಲೇ. ಆ ಹೋಳನ್ನು ನಾನು ಒಮ್ಮೆಯೂ ತಿಂದವಳಲ್ಲ. ಮುಷ್ಟಿಯಲ್ಲಿ ಹಿಡಿದು ಕೆಳಗಿಳಿದು ಬೀದಿಯ ಆಡಿಗೆ ಹಾಕುತ್ತಿದ್ದೆ.

ಅವರು ನನ್ನ ಅವ್ವನ ಕಿರಿಯ ತಮ್ಮ. ಮದುವೆಯಾಗಿರಲಿಲ್ಲ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ದೊಡ್ಡ ಮಾಮಾನ ಚಾದರದ ಅಂಗಡಿ ಇದೆ. ಅದರ ಮೇಲಿನ ಖೋಲಿಯಲ್ಲಿ ಅಣ್ಣನ ದಯೆಯಿಂದ ಇವರ ವಾಸ. ಕೆಲಸಕ್ಕಿದ್ದ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಜನರ ಹಳೆಯ, ಹರಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಿ ಕೊಡುತ್ತಿದ್ದರು. ನಾನು ಕಚೇರಿಯಿಂದ ಬರುವಾಗ ಅವ್ವ ಕಟ್ಟಿಕೊಟ್ಟ ಜೋಳದ ಭಕ್ರಿಯ ಬುತ್ತಿಯನ್ನು ಅವರಿಗೆ ಮುಟ್ಟಿಸಬೇಕಿತ್ತು. ಮೆಟ್ಟಿಲ ಮೇಲೆಯೇ ವಾಸನೆ ಹೊಡೆಯುತ್ತಿತ್ತು: ತಂಬಾಕು, ಒಗೆಯದ ಬನಿಯನ್, ಕಮಟು ಹಿಡಿದ ಕೊಬ್ಬರಿ ಎಣ್ಣೆ. ಟೇಬಲ್ಲಿನ ಕೆಳಗೆ ನೀರಿನ ಬಾಟಲಿಯೊಂದರಲ್ಲಿ ಅರ್ಧದವರೆಗೆ ಕಂದು ಉಗುಳು. ಮಾತಾಡುತ್ತಾಡುತ್ತಲೇ ಅದನ್ನೆತ್ತಿ ಬಾಯಿಗೆ ಹಿಡಿಯುವರು. ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಆ ಖೋಲಿಯಲ್ಲಿ ಎಲ್ಲಕ್ಕಿಂತ ಹೇಸಿಗೆಯ ವಸ್ತು ಅವರ ಎರಡನೇ ಪವರ್ ಸಪ್ಲೈ. ಮುಚ್ಚಿಹೋದ ಗೇಮಿಂಗ್ ಅಂಗಡಿಯೊಂದರಿಂದ ಅವರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತ್ತು. ಅದನ್ನು ಹಾಕಿದರೆ ಅವರ ಮುದಿ ಕಂಪ್ಯೂಟರಿಗೆ ಕರೆಂಟು ಸಾಲದೆ ನಡುವೆಯೇ ಆರಿಹೋಗುತ್ತಿತ್ತು. ಮಾಮಾ ಗುಜರಿಯಿಂದ ಇನ್ನೊಂದು ಪವರ್ ಸಪ್ಲೈ, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ, ತಂದು, ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲಿಟ್ಟು, ಅದರ ವೈರು ಎಳೆದು ಕಾರ್ಡಿಗೆ ಜೋಡಿಸಿದರು. ಕಂಪ್ಯೂಟರಿನ ಹೊರಗಿರುವ ಪೆಟ್ಟಿಗೆ ತಾನಾಗಿ ಚಾಲೂ ಆಗುವುದಿಲ್ಲ. ಅದರ ಹಸಿರು ವೈರನ್ನೂ ಕಪ್ಪು ವೈರನ್ನೂ ಕೂಡಿಸಬೇಕು. ಅದಕ್ಕೆ ಅವರು ಸಿಕ್ಕಿಸಿದ್ದು ರಸ್ತೆಯಲ್ಲಿ ಸಿಕ್ಕ ಒಂದು ಹೇರ್‌ಪಿನ್ನು. ಯಾರದೋ ಎಣ್ಣೆಗೂದಲು ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು.

“ಈ ಕಾರ್ಡ್ ಅಂದ್ರ ಎರಡ್ ಮನ್ಯಾಗ ಉಣ್ಣೋ ಅಳಿಯ ಇದ್ದಂಗ ನೋಡವ್ವಾ,” ಎಂದು ನಕ್ಕರು. “ಜರಾ ಒಳಗಿಂದ ತಿಂತಾನ, ಉಳದದ್ದು ಹೊರಗಿಂದ. ಹೊರಗಿನ ಮನಿಯವ್ರು ಮೊದಲ ಒಲಿ ಹಚ್ಚಬೇಕು. ಇಲ್ಲಾಂದ್ರ ಅಳಿಯ ಸಿಟ್ಟಾಗಿ ಕೂಡ್ತಾನ.”

“ಹೊಸಾದು ದೊಡ್ಡದೊಂದು ತರಬಾರದೇನ್ರಿ ಮಾಮಾ?”

“ಯಾಕ? ಬರೋಬರ್ ನಡದದಲ್ಲ.”

ಸ್ವಿಚ್ ಒತ್ತಿದರು. ಪೆಟ್ಟಿಗೆಯೊಳಗೆ ಚಟಚಟ ಸದ್ದಾಗಿ, ಸುಟ್ಟ ಕೂದಲಿನಂಥ ನಾತ ಎದ್ದಿತು. ಒಳಗೆ ಜಿರಳೆಗಳು ಸಂಸಾರ ಹೂಡಿದ್ದವು. ಮಾಮಾ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಮಗುಚಿ ಬಡಿದು, ಹುರಿದ ಜಿರಳೆಗಳನ್ನು ಬುತ್ತಿ ಕಟ್ಟಿದ್ದ ಪೇಪರಿನ ಮೇಲೆಯೇ ಉದುರಿಸಿದರು. ಅದೇ ಕೈಯಿಂದ ಭಕ್ರಿ ಮುರಿದರು. ಅಂದು ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಆದರೆ ಕೆಲಸದಲ್ಲಿ ಅವರಿಗೊಂದು ಮಡಿ ಇತ್ತು. ಕಂಪ್ಯೂಟರು ತಾನಾಗಿಯೇ ಮುಖ ತಿದ್ದುವ ಹೊಸ ಪ್ರೋಗ್ರಾಂ ಒಂದನ್ನು ಕಲಿತಿದ್ದರು. ಆ ಕಾರ್ಡು ಬೇಕಾಗಿದ್ದುದೇ ಅದಕ್ಕೆ. ಒಮ್ಮೆ ಅದು ಬೊಚ್ಚುಬಾಯಿಯ ಮುದುಕಿಯೊಬ್ಬಳಿಗೆ ಸಾಲಾಗಿ ಹಲ್ಲು ಕೂಡಿಸಿತು. “ಈ ಮಷಿನ್‌ಗ ಹಲ್ಲಿನ ಹುಚ್ಚದ,” ಎಂದು ಬೈಯುತ್ತ ಮಾಮಾ ಒಂದೊಂದೇ ಹಲ್ಲು ಅಳಿಸಿದರು. “ಇದ್ದದ್ದು ಉಳಸಬೇಕವ್ವಾ. ಇಲ್ಲದ್ದು ಹಚ್ಚಬಾರದು.” ಫೋಟೋ ಒಯ್ಯಲು ಬಂದ ಮುದುಕಿಯ ಮಗ ಅದನ್ನು ನೋಡಿ, “ನಮ್ಮವ್ವ ಹಿಂಗ ಇದ್ದಳ್ರಿ,” ಎನ್ನುತ್ತ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ.

ಹೋದ ವರ್ಷ ದೊಡ್ಡ ಮಾಮಾ ತಮ್ಮ ವ್ಯಾಪಾರದಲ್ಲಿ ಪಾಲುದಾರರಾದ ಅಕ್ಕಲಕೋಟದವರೊಬ್ಬರ ಹೆಂಡತಿಯನ್ನು ಮೇಲೆ ಕರೆದುಕೊಂಡು ಬಂದರು. ಮೂಗಿಗೆ ಸೆರಗು ಒತ್ತಿ ಹಿಡಿದಿದ್ದ ಆ ಹೆಂಗಸು ಮನೆಮಂದಿಯೆಲ್ಲ ಇರುವ ಒಂದು ಫೋಟೋ ಕೊಟ್ಟರು. ನಡುವೆ ದುಧನಿಯಿಂದ ತಂದುಕೊಂಡಿದ್ದ ಅವರ ಸೊಸೆ ಸುಮಂಗಲಾ, ತೊಡೆಯ ಮೇಲೆ ಕೂಸು. ಸುಮಂಗಲಾ ಕಾಮಾಲೆಯಾಗಿ ತೀರಿಕೊಂಡು ಒಂದು ವರ್ಷವಾಗಿತ್ತು. ಈಗ ಮಗನಿಗೆ ಎರಡನೇ ಮದುವೆ ಗೊತ್ತಾಗಿತ್ತು.

“ಈಕೀ ಮಾರಿ ತಗದು ಹೊಸಾಕೀ ಮಾರಿ ಕೂಡಸ್ರಿ,” ಎಂದು ಹೊಸ ಸೊಸೆಯ ಮುಖದ ಇನ್ನೊಂದು ಫೋಟೋ ಮುಂದಿಟ್ಟರು. “ಸೀರಿ, ಕೂಸು ಎಲ್ಲಾ ಹಂಗ ಇರ್ಲಿ. ರಿಸೆಪ್ಷನ್ನದಾಗ ದೊಡ್ಡದು ಮಾಡಸಿ ಇಡಬೇಕಂತ ಮಾಡೀವಿ. ಕೂಸಿಗೂ ಹುಟ್ಟಿದಾಗಿಂದ ಇಕೀನ ತಾಯಿ ಅಂದಂಗ ಆಗ್ತದ.”

ದೊಡ್ಡ ಮಾಮಾ ಪಕ್ಕದಲ್ಲೇ ನಿಂತಿದ್ದರು. ಮಾಮಾ ಎರಡೂ ಫೋಟೋ ಕಂಪ್ಯೂಟರಿಗೆ ಹಾಕಿ ಕೆಲಸ ಶುರುಮಾಡಿದರು. ಫ್ಯಾನು ಜೋರಾಗಿ ಕೂಗತೊಡಗಿತು. ಸುಮಂಗಲಾಳ ಹಣೆ, ಕಣ್ಣು ಮಸುಕಾಗಿ, ಬೇರೊಬ್ಬಳ ಕಣ್ಣು ಮೂಡತೊಡಗಿದವು. ಕೆಳಗೆ ತುಟಿ, ಗದ್ದ ಇನ್ನೂ ಅವಳದೇ. ಕೂಸು ಕತ್ತೆತ್ತಿ ಆ ಮುಖವನ್ನೇ ನೋಡುತ್ತಿತ್ತು.

ಆಗ ಮಾಮಾನ ಕೈ ಸ್ಟೂಲಿನ ಕಡೆ ಸರಿದದ್ದು ನಾನೊಬ್ಬಳೇ ಕಂಡೆ. ಹೇರ್‌ಪಿನ್ನು ಕಿತ್ತರು. ಪಟ್ಟೆಂದು ಪರದೆ ಕಪ್ಪಾಯಿತು.

“ಏನಾತ್ರಿ?” ಎಂದರು ಆ ಹೆಂಗಸು.

“ಮಷಿನ್ ಹೋತ್ರಿ.”

ದೊಡ್ಡ ಮಾಮಾ ಸಿಟ್ಟಾದರು. “ಒಂದ್ ಕೆಲಸಾನೂ ನಿನ್ನ ಕೈಲೆ ನೆಟ್ಟಗ ಆಗೂದಿಲ್ಲ. ಈ ಕಚರಾ ಬಿಸಾಡು ಅಂತ ಎಷ್ಟ್ ಸಲ ಹೇಳೀನಿ? ಮಂದಿ ಮುಂದ ನನ್ನ ಮಾನ ಕಳದಿ.”

ಮಾಮಾ ತಲೆ ತಗ್ಗಿಸಿ ಬೈಸಿಕೊಂಡರು. ಅವರೆಲ್ಲ ಇಳಿದುಹೋದ ಮೇಲೆ ಕಾರ್ಡಿಗೆ ಮತ್ತೆ ಕರೆಂಟು ಕೊಟ್ಟು ನೋಡಿದರು. ನಡುವೆಯೇ ಕರೆಂಟು ಕಿತ್ತ ಹೊಡೆತಕ್ಕೆ ಅದು ಸತ್ತಿತ್ತು, ಮುಂದೆಯೂ ಏಳಲಿಲ್ಲ.

“ಬ್ಯಾಡ ಅಂತ ಬಾಯಿಲೆ ಹೇಳಬೇಕಿತ್ತಲ್ರಿ ಮಾಮಾ,” ಎಂದೆ.

“ಅಣ್ಣನ ಮನ್ಯಾಗ ಅದೀನಿ, ಹೆಂಗ ಹೇಳ್ಲಿ?” ಬಾಟಲಿ ಎತ್ತಿ ಉಗುಳಿದರು. “ಹೇಸಿಗಿ ಬಂತವ್ವಾ. ಹಡದ ಮೈ ಅದು. ಅದರ ಮ್ಯಾಲ ಇನ್ನೊಬ್ಬಾಕೀ ಮಾರಿ ಅಂಟಸೂದಂದ್ರ ಏನು?”

ಆ ಮನೆಯವರು ಅದನ್ನು ಇನ್ನೆಲ್ಲೋ, ಯಾರದೋ ಮೊಬೈಲಿನಲ್ಲಿ ಮಾಡಿಸಿಕೊಂಡರು. ಮದುವೆಯ ದಿನ ಅಕ್ಕಲಕೋಟದ ಮಂಗಲ ಕಾರ್ಯಾಲಯದ ಬಾಗಿಲಲ್ಲೇ ಆಳೆತ್ತರದ ಕಟ್ಟು ಹಾಕಿಸಿ ನಿಲ್ಲಿಸಿದ್ದರು. ಗೋಣು ಒಂದು ಬಣ್ಣ, ಮುಖ ಒಂದು ಬಣ್ಣ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೂವು, ಅತ್ತರು, ಬಾಸುಂದಿಯ ವಾಸನೆಯ ನಡುವೆ ನನಗೆ ಓಕರಿಕೆ ಬಂತು. ಅಷ್ಟು ಓಕರಿಕೆ ಆ ಖೋಲಿಯಲ್ಲೂ ಬಂದಿರಲಿಲ್ಲ.

ಮಾಮಾ ಅಣ್ಣನ ಒತ್ತಾಯಕ್ಕೆ ಬಂದು ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಮಂದಿ ಊಟಕ್ಕೆ ಎದ್ದಾಗ ಮದುಮಗಳು ತಾನೇ ಆ ಫೋಟೋದ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. ಹತ್ತಿರವಿದ್ದ ನಮ್ಮಿಬ್ಬರನ್ನು ಕಂಡು ಮೆಲ್ಲಗೆ ಕೇಳಿದಳು:

“ಕಾಕಾ, ಈ ಕೈ ನನ್ನವಲ್ಲ. ಇವರ ಹೆಸರೇನಿತ್ತರಿ? ನನಗ ಯಾರೂ ಹೇಳವಲ್ರು.”

“ಸುಮಂಗಲಾ,” ಎಂದರು ಮಾಮಾ. “ದುಧನಿ ಅಕೀ ತವರಮನಿ.”

“ಇದನ್ನ ಒಳಗ ಒಯ್ದು ಇಡ್ರಿ ಕಾಕಾ. ಕೇಳಿದ್ರ ನಾನ ಹೇಳೇನಂತ ಹೇಳ್ರಿ.”

ನಾವಿಬ್ಬರೂ ಅದನ್ನು ಹೊತ್ತು ಪಾತ್ರೆಗಳ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಮಾಮಾ ಉಣ್ಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸು ನಿಂತಿದ್ದರೂ ಅವರು ದುಧನಿಯ ಬಸ್ಸಿನತ್ತ ನಡೆದರು.

“ಅಲ್ಲಿ ಯಾಕ್ರಿ ಮಾಮಾ?”

“ಅಕೀ ಅವ್ವಗ ಹೇಳಿ ಬರ್ತೀನಿ. ಹೊಸಾಕಿ ನಿಮ್ಮ ಮಗಳ ಹೆಸರು ಕೇಳಿದಳು ಅಂತ.”

ನಾನು ಅವರನ್ನು ಕಂಡದ್ದು ಅದೇ ಕೊನೆ. ದುಧನಿಯಿಂದ ಮರಳಿದ ರಾತ್ರಿಯೇ ನಿದ್ದೆಯಲ್ಲಿ ಎದೆಬಡಿತ ನಿಂತು ತೀರಿಕೊಂಡರು. ದೊಡ್ಡ ಮಾಮಾ ಖೋಲಿಯ ಸಾಮಾನನ್ನೆಲ್ಲ ಗುಜರಿಗೆ ಹಾಕಿ ಫಿನಾಯಿಲ್ ಹೊಡೆಸಿದರು. ಮೂರನೆಯ ದಿನ, ಯಾರಿಗೂ ಪರಿಚಯವಿಲ್ಲದ ಮುದುಕಿಯೊಬ್ಬಳು ಬಂದು, ಅಂಗಡಿಯ ಮುಂದೆ ಸೇರಿದ್ದ ನಮ್ಮ ಮನೆಯ ಹೆಂಗಸರ ನಡುವೆ ಕುಳಿತು ಸದ್ದಿಲ್ಲದೆ ಅತ್ತಳು. ನಾನು ನೀರು ಕೊಟ್ಟು ಯಾರೆಂದು ಕೇಳಿ ತಿಳಿದುಕೊಂಡೆ.

“ಯಾರವ್ವಾ ಅಕಿ?” ಎಂದು ದೊಡ್ಡ ಮಾಮಾ ನನ್ನನ್ನು ಕೇಳಿದರು.

“ದುಧನಿಯವ್ರು. ಸುಮಂಗಲಾನ ತಾಯಿ.”

ಅವರು ಆಕೆಯ ಕಡೆ ಒಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು, ಅಂಗಡಿಯ ಒಳಗೆ ಹೋದರು.